ವಿಪತ್ತು ಸಂದರ್ಭಗಳಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಹಕಾರ: ಸೇನಾ ನೆರವು, ರಕ್ಷಣಾ ಕಾರ್ಯ ಹಾಗೂ ಪರಿಹಾರ

ಪೀಠಿಕೆ

ನೆರೆ, ಭೂಕುಸಿತ ಮುಂತಾದ ವಿಪತ್ತುಗಳು ಸಂಭವಿಸಿದಾಗ ಒಂದೇ ಗ್ರಾಮದಲ್ಲಿ ಕಂದಾಯ ಇಲಾಖೆಯ ಸಿಬ್ಬಂದಿ, ಪೊಲೀಸರು, ಅಗ್ನಿಶಾಮಕ ದಳ, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಹಾಗೂ ಕೆಲವೊಮ್ಮೆ ಭೂಸೇನೆ ಮತ್ತು ನೌಕಾಪಡೆಯ ತಂಡಗಳು ಏಕಕಾಲದಲ್ಲಿ ಕಾರ್ಯನಿರ್ವಹಿಸುತ್ತವೆ. ಈ ಪಡೆಗಳನ್ನು ಯಾರು ಕರೆಸುತ್ತಾರೆ, ವೆಚ್ಚವನ್ನು ಯಾರು ಭರಿಸುತ್ತಾರೆ ಹಾಗೂ ಮನೆ, ಬೆಳೆ ಅಥವಾ ಜಾನುವಾರು ಕಳೆದುಕೊಂಡವರು ಯಾವ ಕಚೇರಿಯನ್ನು ಸಂಪರ್ಕಿಸಬೇಕು ಎಂಬುದನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಸಂವಿಧಾನದಲ್ಲಿ ಅಧಿಕಾರ ಹಂಚಿಕೆ

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸ್ ರಾಜ್ಯ ಪಟ್ಟಿಯ ವಿಷಯಗಳಾಗಿವೆ. ದೇಶದ ರಕ್ಷಣೆ ಮತ್ತು ಸಶಸ್ತ್ರ ಪಡೆಗಳು ಕೇಂದ್ರ ಪಟ್ಟಿಗೆ ಸೇರಿವೆ. ನಾಗರಿಕ ಆಡಳಿತದ ನೆರವಿಗಾಗಿ ಕೇಂದ್ರದ ಸಶಸ್ತ್ರ ಪಡೆಗಳನ್ನು ರಾಜ್ಯದಲ್ಲಿ ನಿಯೋಜಿಸುವ ವಿಷಯವನ್ನು 1976ರ 42ನೆಯ ತಿದ್ದುಪಡಿಯ ಮೂಲಕ ಕೇಂದ್ರ ಪಟ್ಟಿಯ 2ಎ ನಮೂದಾಗಿ ಸೇರಿಸಲಾಯಿತು. ಬಾಹ್ಯ ಆಕ್ರಮಣ ಮತ್ತು ಆಂತರಿಕ ಕ್ಷೋಭೆಯಿಂದ ರಾಜ್ಯಗಳನ್ನು ರಕ್ಷಿಸುವುದು ಕೇಂದ್ರದ ಕರ್ತವ್ಯವೆಂದು 355ನೆಯ ಅನುಚ್ಛೇದವು ತಿಳಿಸುತ್ತದೆ.

ವಿಪತ್ತು ನಿರ್ವಹಣೆ ಎಂಬ ವಿಷಯವು ಮೂರೂ ಪಟ್ಟಿಗಳಲ್ಲಿ ಪ್ರತ್ಯೇಕವಾಗಿ ಇಲ್ಲ. ಸಮವರ್ತಿ ಪಟ್ಟಿಯಲ್ಲಿರುವ ಸಾಮಾಜಿಕ ಭದ್ರತೆಯ ನಮೂದಿನ ಆಧಾರದ ಮೇಲೆ ಸಂಸತ್ತು ವಿಪತ್ತು ನಿರ್ವಹಣಾ ಕಾಯ್ದೆ, 2005 ಅನ್ನು ಅಂಗೀಕರಿಸಿತು. ಆದುದರಿಂದ ವಿಪತ್ತು ನಿರ್ವಹಣೆಯ ಮೊದಲ ಹೊಣೆ ರಾಜ್ಯ ಸರ್ಕಾರದ್ದಾಗಿದ್ದು, ಕೇಂದ್ರ ಸರ್ಕಾರವು ಪಡೆ, ಸಾಮಗ್ರಿ ಮತ್ತು ಹಣದ ಮೂಲಕ ಅದಕ್ಕೆ ಪೂರಕವಾಗಿ ನಿಲ್ಲುತ್ತದೆ.

ಮೂರು ಹಂತದ ವ್ಯವಸ್ಥೆ

ಸದರಿ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಪ್ರಾಧಿಕಾರಕ್ಕೆ ಪ್ರಧಾನ ಮಂತ್ರಿಯವರು, ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯವರು ಹಾಗೂ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯವರು ಅಧ್ಯಕ್ಷರಾಗಿರುತ್ತಾರೆ. ಜಿಲ್ಲಾ ಹಂತದಲ್ಲಿ ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಯು ಸಹ-ಅಧ್ಯಕ್ಷರಾಗಿರುತ್ತಾರೆ. 2025ರ ತಿದ್ದುಪಡಿ ಕಾಯ್ದೆಯು ರಾಜ್ಯಗಳ ರಾಜಧಾನಿಗಳಲ್ಲಿ ಹಾಗೂ ಮಹಾನಗರಪಾಲಿಕೆಗಳಿರುವ ನಗರಗಳಲ್ಲಿ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರಗಳ ರಚನೆಗೆ ಅವಕಾಶ ಕಲ್ಪಿಸಿದೆ.

ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯನ್ನು 2006ರಲ್ಲಿ 8 ಬೆಟಾಲಿಯನ್‌ಗಳೊಂದಿಗೆ ಸ್ಥಾಪಿಸಲಾಯಿತು. ಮುಂದೆ ಇವುಗಳ ಸಂಖ್ಯೆಯನ್ನು 16ಕ್ಕೆ ಹೆಚ್ಚಿಸಲಾಯಿತು. ಈ ಪಡೆಯು ಸೇನೆಯ ಭಾಗವಲ್ಲ. ಗಡಿ ಭದ್ರತಾ ಪಡೆ, ಕೇಂದ್ರ ಮೀಸಲು ಪೊಲೀಸ್ ಪಡೆ ಮುಂತಾದ ಕೇಂದ್ರ ಪಡೆಗಳಿಂದ ನಿಯೋಜಿತರಾದ ಸಿಬ್ಬಂದಿಯನ್ನು ಒಳಗೊಂಡಿದ್ದು, ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿದೆ.

ಸೇನಾ ನೆರವನ್ನು ಕೋರುವ ಕ್ರಮ

ಸೇನೆಯ ನೆರವನ್ನು ಸಾರ್ವಜನಿಕರು ನೇರವಾಗಿ ಕೋರುವಂತಿಲ್ಲ. ಸ್ಥಳೀಯ ಸಂಪನ್ಮೂಲಗಳು ಸಾಲದಾದಾಗ ಜಿಲ್ಲಾಧಿಕಾರಿಯವರ ವರದಿಯ ಮೇರೆಗೆ ರಾಜ್ಯ ಸರ್ಕಾರವು ಕೋರಿಕೆ ಸಲ್ಲಿಸುತ್ತದೆ. ಜೀವಹಾನಿಯ ತುರ್ತು ಇದ್ದಾಗ ಜಿಲ್ಲಾಡಳಿತವು ಸಮೀಪದ ಸೇನಾ ನೆಲೆಯನ್ನು ಸಂಪರ್ಕಿಸಬಹುದು. ಕೊನೆಯ ಆಯ್ಕೆಯಾಗಿ ಸೇನೆಯನ್ನು ಕರೆಸಿ, ಕಾರ್ಯ ಮುಗಿದ ಕೂಡಲೇ ಹಿಂದಕ್ಕೆ ಕಳುಹಿಸುವುದು ಪಾಲಿಸಿಕೊಂಡು ಬಂದಿರುವ ತತ್ತ್ವ. ಎಲ್ಲಿ ಯಾವ ಕೆಲಸ ಆಗಬೇಕೆಂಬುದನ್ನು ನಾಗರಿಕ ಆಡಳಿತವು ನಿರ್ಧರಿಸುತ್ತದೆ. ಯೋಧರು ತಮ್ಮ ಅಧಿಕಾರಿಗಳ ಆದೇಶದಂತೆಯೇ ಅದನ್ನು ನಿರ್ವಹಿಸುತ್ತಾರೆ.

ಆಗಸ್ಟ್ 2018ರಲ್ಲಿ ಕೊಡಗು ಜಿಲ್ಲೆಯಲ್ಲಿ ಸಂಭವಿಸಿದ ಭೂಕುಸಿತಗಳಲ್ಲಿ ಹಾಗೂ ಆಗಸ್ಟ್ 2019ರ ಉತ್ತರ ಕರ್ನಾಟಕದ ನೆರೆಯಲ್ಲಿ ರಾಜ್ಯದ ಸಿಬ್ಬಂದಿಯೊಂದಿಗೆ ಸೇನಾ ತಂಡಗಳು ರಕ್ಷಣಾ ಕಾರ್ಯ ನಡೆಸಿದವು. ಜುಲೈ 16, 2024ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಗಂಗಾವಳಿ ನದಿಯಲ್ಲಿ ನಡೆದ ಶೋಧದಲ್ಲಿ ನೌಕಾಪಡೆಯ ಮುಳುಗುಗಾರರು ಪಾಲ್ಗೊಂಡಿದ್ದರು. ಅದೇ ತಿಂಗಳ 30ರಂದು ಕೇರಳದ ವಯನಾಡಿನಲ್ಲಿ ಭೂಕುಸಿತ ಸಂಭವಿಸಿದಾಗ ಬೆಂಗಳೂರಿನಲ್ಲಿ ಕೇಂದ್ರ ಹೊಂದಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಚೂರಲ್‌ಮಲದಲ್ಲಿ 190 ಅಡಿ ಉದ್ದದ ಬೈಲಿ ಸೇತುವೆಯನ್ನು ನಿರ್ಮಿಸಿದರು.

ಕಾನೂನು ಮತ್ತು ಸುವ್ಯವಸ್ಥೆಗಾಗಿ ಸೇನೆಯನ್ನು ಬಳಸುವುದಕ್ಕೆ ಪ್ರತ್ಯೇಕ ನಿಯಮವಿದೆ. ಜುಲೈ 1, 2024ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 149ನೆಯ ಪ್ರಕರಣದಂತೆ, ಅಕ್ರಮ ಕೂಟವನ್ನು ಬೇರೆ ವಿಧಾನದಿಂದ ಚದುರಿಸಲಾಗದಿದ್ದಲ್ಲಿ ಜಿಲ್ಲಾ ದಂಡಾಧಿಕಾರಿ ಅಥವಾ ಅವರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯು ಸಶಸ್ತ್ರ ಪಡೆಯ ನೆರವು ಪಡೆಯಬಹುದು. ಬಲಪ್ರಯೋಗವು ಆದಷ್ಟು ಕಡಿಮೆ ಇರತಕ್ಕದ್ದು ಹಾಗೂ ಜನರಿಗೆ ಮತ್ತು ಆಸ್ತಿಗೆ ಆಗುವ ಹಾನಿಯು ಆದಷ್ಟು ಕಡಿಮೆ ಇರತಕ್ಕದ್ದು ಎಂದು ಸದರಿ ಪ್ರಕರಣವು ವಿಧಿಸುತ್ತದೆ.

ವೆಚ್ಚದ ಹಂಚಿಕೆ

ಪರಿಹಾರದ ಹಣವು ಮೊದಲಿಗೆ ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ದೊರೆಯುತ್ತದೆ. 15ನೆಯ ಹಣಕಾಸು ಆಯೋಗದ 2021-26ರ ಅವಧಿಯಲ್ಲಿ ಕರ್ನಾಟಕವೂ ಸೇರಿದಂತೆ ಸಾಮಾನ್ಯ ವರ್ಗದ ರಾಜ್ಯಗಳಲ್ಲಿ ಈ ನಿಧಿಗೆ ಕೇಂದ್ರವು ಶೇ. 75 ಹಾಗೂ ರಾಜ್ಯವು ಶೇ. 25ರಷ್ಟನ್ನು ನೀಡಬೇಕಿತ್ತು, ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಈ ಪ್ರಮಾಣ 90:10 ಆಗಿತ್ತು. ವಾಯುಪಡೆಯ ಹೆಲಿಕಾಪ್ಟರ್‌ಗಳ ಮೂಲಕ ನಡೆಸಿದ ರಕ್ಷಣಾ ಕಾರ್ಯದ ಬಿಲ್ಲುಗಳನ್ನು ಸಹ ಈ ನಿಧಿಯಿಂದ ಪಾವತಿಸಲು ಅವಕಾಶವಿದೆ.

ವಿಪತ್ತು ತೀವ್ರ ಸ್ವರೂಪದ್ದಾಗಿದ್ದು ರಾಜ್ಯದ ನಿಧಿ ಸಾಲದಿದ್ದಲ್ಲಿ ರಾಜ್ಯ ಸರ್ಕಾರವು ಕೇಂದ್ರಕ್ಕೆ ಮನವಿಪತ್ರ ಸಲ್ಲಿಸುತ್ತದೆ. ಅಂತರ ಸಚಿವಾಲಯ ತಂಡವು ಸ್ಥಳ ಪರಿಶೀಲನೆ ನಡೆಸಿ ವರದಿ ನೀಡುತ್ತದೆ. ಈ ವರದಿಯನ್ನು ರಾಷ್ಟ್ರೀಯ ಕಾರ್ಯನಿರ್ವಾಹಕ ಸಮಿತಿಯ ಉಪಸಮಿತಿಯು ಪರಿಶೀಲಿಸಿದ ನಂತರ, ಕೇಂದ್ರ ಗೃಹ ಸಚಿವರ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿಯು ರಾಷ್ಟ್ರೀಯ ನಿಧಿಯಿಂದ ಮೊತ್ತವನ್ನು ಮಂಜೂರು ಮಾಡುತ್ತದೆ.

ಕೋರಿದ ಮೊತ್ತಕ್ಕೂ ಮಂಜೂರಾದ ಮೊತ್ತಕ್ಕೂ ಅಂತರವಿರುವುದುಂಟು. 2023ರ ಬರಗಾಲದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ರಾಜ್ಯವು ಸುಮಾರು 18,171 ಕೋಟಿ ರೂ. ನೆರವು ಕೋರಿತ್ತು. ವಿಳಂಬದ ಕುರಿತು ಮಾರ್ಚ್ 2024ರಲ್ಲಿ ರಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಯಿತು. ಏಪ್ರಿಲ್ 2024ರಲ್ಲಿ ಕೇಂದ್ರವು ಸುಮಾರು 3,454 ಕೋಟಿ ರೂ. ಮಂಜೂರು ಮಾಡಿತು. ಮಾರ್ಗಸೂಚಿಯ ದರಗಳು ನಷ್ಟವನ್ನು ಪೂರ್ಣವಾಗಿ ತುಂಬಿಕೊಡುವುದಕ್ಕಲ್ಲ, ತಕ್ಷಣದ ಆಸರೆಗಾಗಿ ನಿಗದಿಯಾದವು ಎಂಬುದನ್ನು ಅರ್ಜಿದಾರರು ಗಮನಿಸಬೇಕು.

ಪರಿಹಾರದ ದರಗಳು

2025-26ರವರೆಗಿನ ಅವಧಿಗೆ ಕೇಂದ್ರ ಗೃಹ ಸಚಿವಾಲಯವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿನ ಪ್ರಮುಖ ದರಗಳು ಈ ಕೆಳಕಂಡಂತಿವೆ:

1. ಪ್ರಾಣಹಾನಿ: ಮೃತರ ಕುಟುಂಬಕ್ಕೆ 4 ಲಕ್ಷ ರೂ.
2. ಸಂಪೂರ್ಣ ಹಾನಿಯಾದ ಮನೆ: ಬಯಲು ಪ್ರದೇಶದಲ್ಲಿ 1.20 ಲಕ್ಷ ರೂ.; ಗುಡ್ಡಗಾಡು ಪ್ರದೇಶದಲ್ಲಿ 1.30 ಲಕ್ಷ ರೂ.
3. ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆಹಾನಿ: ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ.; ಗರಿಷ್ಠ 2 ಹೆಕ್ಟೇರ್.
4. ಹಸು ಅಥವಾ ಎಮ್ಮೆಯ ಸಾವು: 37,500 ರೂ.

ರಾಜ್ಯ ಸರ್ಕಾರವು ತನ್ನ ಸ್ವಂತ ಸಂಪನ್ಮೂಲದಿಂದ ಹೆಚ್ಚುವರಿ ಮೊತ್ತ ನೀಡಬಹುದು. ಉದಾಹರಣೆಗೆ, 2019ರ ನೆರೆಯಲ್ಲಿ ಸಂಪೂರ್ಣ ಹಾನಿಯಾದ ಮನೆಗಳ ಪುನರ್‌ನಿರ್ಮಾಣಕ್ಕೆ ರಾಜ್ಯವು ಒಟ್ಟು 5 ಲಕ್ಷ ರೂ. ನಿಗದಿಪಡಿಸಿತ್ತು. ಇಂತಹ ಹೆಚ್ಚಳವು ಆಯಾ ವರ್ಷದ ಸರ್ಕಾರಿ ಆದೇಶಕ್ಕೆ ಒಳಪಟ್ಟಿರುವುದರಿಂದ, ಒಂದು ವರ್ಷದ ಮೊತ್ತವು ಮುಂದಿನ ವರ್ಷಕ್ಕೂ ಅನ್ವಯಿಸುತ್ತದೆಂದು ಭಾವಿಸತಕ್ಕದ್ದಲ್ಲ.

ಅರ್ಜಿದಾರರ ಗಮನಕ್ಕೆ

ಹಣದ ಮೂಲ ಯಾವುದೇ ಆಗಿದ್ದರೂ ಅರ್ಜಿದಾರರು ಸಂಪರ್ಕಿಸಬೇಕಾದ ಕಚೇರಿ ಒಂದೇ: ಸಂಬಂಧಪಟ್ಟ ತಹಶೀಲ್ದಾರರ ಕಚೇರಿ. ಸೇನಾ ಘಟಕಗಳಿಗಾಗಲಿ ಕೇಂದ್ರ ಸಚಿವಾಲಯಕ್ಕಾಗಲಿ ಪ್ರತ್ಯೇಕ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ.

ಹಾನಿಯ ಮಾಹಿತಿಯನ್ನು ಕೂಡಲೇ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಅವಶೇಷಗಳನ್ನು ತೆರವುಗೊಳಿಸುವ ಮುನ್ನ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಸೂಕ್ತ. ನೆರೆ ಇಳಿದ ಕೆಲವು ದಿನಗಳಲ್ಲಿ ಕುರುಹುಗಳು ಅಳಿಸಿಹೋಗುವುದರಿಂದ ತಡವಾಗಿ ಬಂದ ಅರ್ಜಿಗಳನ್ನು ಪರಿಶೀಲಿಸುವುದು ಕಷ್ಟವಾಗುತ್ತದೆ. ಬೆಳೆಹಾನಿಯನ್ನು ಕಂದಾಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ಜಂಟಿಯಾಗಿ ಸಮೀಕ್ಷೆ ಮಾಡುತ್ತವೆ. ಪ್ರಾಣಹಾನಿಯ ಪ್ರಕರಣಗಳಲ್ಲಿ ಸಾವಿನ ಕಾರಣವನ್ನು ಸಕ್ಷಮ ಪ್ರಾಧಿಕಾರವು ದೃಢೀಕರಿಸಿರಬೇಕು. ಬೆಳೆ ಪರಿಹಾರದ ಮೊತ್ತವು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬುದನ್ನು ರೈತರು ಮೊದಲೇ ಖಚಿತಪಡಿಸಿಕೊಳ್ಳಬೇಕು.

ರಕ್ಷಣಾ ಕಾರ್ಯಕ್ಕಾಗಿ ಖಾಸಗಿ ವಾಹನ, ದೋಣಿ ಅಥವಾ ಕಟ್ಟಡವನ್ನು ವಶಕ್ಕೆ ಪಡೆಯಲು 2005ರ ಕಾಯ್ದೆಯ 65ನೆಯ ಪ್ರಕರಣದಲ್ಲಿ ಅಧಿಕಾರವಿದೆ. ಅದಕ್ಕಾಗಿ ಮಾಲೀಕರಿಗೆ 66ನೆಯ ಪ್ರಕರಣದಂತೆ ಪರಿಹಾರ ನೀಡಬೇಕು. ಮೊತ್ತವು ಒಪ್ಪಿಗೆಯಾಗದಿದ್ದಲ್ಲಿ 30 ದಿನಗಳೊಳಗೆ ಮಧ್ಯಸ್ಥಗಾರರಿಗೆ ಒಪ್ಪಿಸುವಂತೆ ಕೋರಬಹುದು. ಸುಳ್ಳು ಮಾಹಿತಿ ನೀಡಿ ಪರಿಹಾರ ಪಡೆಯುವುದು 52ನೆಯ ಪ್ರಕರಣದಡಿ 2 ವರ್ಷಗಳವರೆಗಿನ ಸೆರೆವಾಸ ಹಾಗೂ ದಂಡಕ್ಕೆ ಗುರಿಯಾಗುವ ಅಪರಾಧವಾಗಿರುತ್ತದೆ.

ತುರ್ತು ಸಂದರ್ಭಗಳಲ್ಲಿ 112, ಜಿಲ್ಲಾ ನಿಯಂತ್ರಣ ಕೊಠಡಿಯ 1077 ಅಥವಾ ರಾಜ್ಯ ನಿಯಂತ್ರಣ ಕೊಠಡಿಯ 1070 ಸಂಖ್ಯೆಗೆ ಕರೆ ಮಾಡಬಹುದು. ಕರೆ ಮಾಡುವಾಗ ಗ್ರಾಮ, ತಾಲ್ಲೂಕು, ಸಿಲುಕಿಕೊಂಡವರ ಸಂಖ್ಯೆ ಹಾಗೂ ಅವರಲ್ಲಿ ವೃದ್ಧರು, ಗರ್ಭಿಣಿಯರು, ಮಕ್ಕಳು ಇದ್ದಲ್ಲಿ ಆ ವಿವರವನ್ನು ತಿಳಿಸಬೇಕು. ಯಾವ ಪಡೆಯನ್ನು ಎಲ್ಲಿಗೆ ಕಳುಹಿಸಬೇಕೆಂಬ ತೀರ್ಮಾನಕ್ಕೆ ಈ ಮಾಹಿತಿಯೇ ಆಧಾರವಾಗಿರುತ್ತದೆ.