ಸೈಕಲ್ಲು ಎರವಲು, ಕಾಲು ಸ್ವಂತದ್ದು!

ವಿಜಯಪುರದಿಂದ ಬೆಳಗಿನ ಬಸ್ಸು ಹಿಡಿದು ಸೊಲ್ಲಾಪುರದ ಕಡೆಗೋ ಕೊಲ್ಹಾರದ ಕಡೆಗೋ ಹೋಗುವವರು ಇವರನ್ನು ನೋಡಿಯೇ ಇರುತ್ತೀರಿ. ರಸ್ತೆಯ ಎಡಪಕ್ಕ, ಬಿಳಿ ಗೆರೆಯ ಆಚೆ, ತಲೆ ತಗ್ಗಿಸಿ ಪೆಡಲು ತುಳಿಯುವ ಹುಡುಗರು. ಜಿಲ್ಲೆ ಒಡೆದು ಬಾಗಲಕೋಟೆ ಬೇರೆಯಾದದ್ದು 1997ರಲ್ಲಿ, ಬಿಜಾಪುರ ಹೋಗಿ ವಿಜಯಪುರ ಆದದ್ದು 2014ರಲ್ಲಿ. ಸೈಕಲ್ಲಿನ ಹುಚ್ಚು ಮಾತ್ರ ಎರಡೂ ಕಡೆ ಹಾಗೇ ಉಳಿದಿದೆ.

ಆದರೆ ಆ ಹುಡುಗ ತುಳಿಯುವ ಸೈಕಲ್ಲು ಅವನದೇ ಎಂದು ತಿಳಿಯಬೇಡಿ. ಎಷ್ಟೋ ಸಲ ಅದು ಎರವಲು!

ಯಾಕೆಂದರೆ ಲೆಕ್ಕ ಹಾಗಿದೆ. ಹಾಲು, ಪೇಪರು ಹಾಕುವ ಕರಿ ಸೈಕಲ್ಲಿನ ತೂಕ ಇಪ್ಪತ್ತು ಕಿಲೋ ಆಸುಪಾಸು. ರೇಸಿನ ಸೈಕಲ್ಲು ಅದರ ಅರ್ಧಕ್ಕೂ ಕಡಿಮೆ. ಎಷ್ಟು ಹಗುರ ಮಾಡಿದರೂ 6.8 ಕಿಲೋಗಿಂತ ಕೆಳಗೆ ಇಳಿಯಬಾರದೆಂದು ಅಂತರರಾಷ್ಟ್ರೀಯ ನಿಯಮವೇ ಇದೆ. ಕರಿ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18. ಪೆಡಲು ಒಂದು ಸುತ್ತು ತಿರುಗಿದರೆ ಸುಮಾರು ಐದೂವರೆ ಮೀಟರು. ರೇಸಿನ ಸೈಕಲ್ಲಿನಲ್ಲಿ 52ಕ್ಕೆ 14 ಹಾಕಿದರೆ ಅದೇ ಒಂದು ಸುತ್ತಿಗೆ ಎಂಟು ಮೀಟರಿಗೆ ಸಮೀಪ. ಕಾಲು ಎಷ್ಟೇ ಗಟ್ಟಿ ಇದ್ದರೂ ಈ ಅಂತರ ತುಂಬಲಾರದು. ಇನ್ನು ಕಾರ್ಬನ್ ಸೈಕಲ್ಲಿನ ಬೆಲೆ ಕೇಳಿದರೆ ಅಂಗಡಿ ಇಟ್ಟವರೇ ಹೌಹಾರುತ್ತಾರೆ; ಲಕ್ಷದ ಮಾತು. ದಿನಗೂಲಿ ಮನೆಯ ಹುಡುಗ ಎಲ್ಲಿಂದ ತಂದಾನು?

ಕೇಳುವುದೂ ಕಷ್ಟ, ಕೊಡುವುದೂ ಕಷ್ಟ

ಹಿಂದೆ ತಾಸಿಗಿಷ್ಟು ಎಂದು ಬಾಡಿಗೆ ಸೈಕಲ್ಲು ಕೊಡುವ ಅಂಗಡಿ ಓಣಿಗೊಂದು ಇತ್ತು. ಹೆಸರು ಬರೆಸಿ, ಗಂಟೆ ನೋಡಿಸಿ ಒಯ್ದರೆ ಮುಗೀತು. ಈಗಿನ ರೇಸಿನ ಸೈಕಲ್ಲು ಹಾಗೆ ಬಾಡಿಗೆಗೆ ಸಿಗುವ ಮಾಲಲ್ಲ. ಪರಿಚಯದ ಹಿರಿಯ ಸವಾರನ ಮನೆ ಬಾಗಿಲಿಗೇ ಹೋಗಬೇಕು.

‘ಕಾಕಾ, ಜಾತ್ರಿ ಶರ್ಯತ್ತಿಗೆ ನಿಮ್ಮ ಸೈಕಲ್ ಕೊಡ್ತೀರೇನ್ರಿ?’

‘ಒಯ್ಯೋ ತಮ್ಮಾ. ಆದ್ರ ಬಿದ್ದು ರಿಮ್ ಮುರದ್ರ ಏನ್ ಮಾಡ್ತಿ?’

ಇಲ್ಲೇ ಬರುತ್ತದೆ ನೋಡಿ ಮೌನ! ಕೊಡುವವನು ಜಿಪುಣನಲ್ಲ. ಅವನೂ ಹೊಟ್ಟೆ ಬಟ್ಟೆ ಕಟ್ಟಿ ಕೊಂಡಿದ್ದಾನೆ. ಕೇಳುವವನದೂ ತಪ್ಪಿಲ್ಲ. ನಾಲ್ಕು ಶರ್ಯತ್ತಿನಲ್ಲಿ ಮುಂದೆ ಬಂದರೆ ಆಯ್ಕೆಗಾರರ ಕಣ್ಣಿಗೆ ಬಿದ್ದಾನು, ಮುಂದೆ ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಸೇನೆಯಲ್ಲೋ ಒಂದು ಕೆಲಸ ಸಿಕ್ಕೀತು ಎಂಬ ಆಸೆ. ಮನೆಯವರೂ ಅದೇ ಆಸೆಯಲ್ಲಿ ಅವನ ತಾಟಿಗೆ ಎರಡು ರೊಟ್ಟಿ ಹೆಚ್ಚು ಹಾಕುತ್ತಾರೆ. ಅದಕ್ಕೇ ಮಾತು ಮೊದಲೇ ಆಗಿರಬೇಕು. ಟ್ಯೂಬು ಯಾರದು, ಟಾಯರು ಯಾರದು, ಮುರಿದರೆ ಯಾರೆಷ್ಟು ಹಾಕಬೇಕು? ಆಮೇಲೆ ಜಗಳಾಡುವುದಕ್ಕಿಂತ ಮೊದಲು ನಾಚಿಕೆ ಬಿಡುವುದು ಮೇಲು.

ಮೊದಲು ಟೇಪು, ಆಮೇಲೆ ಪಾನಾ

ಎರವಲು ಸೈಕಲ್ಲು ಎರವಲು ಅಂಗಿ ಇದ್ದಂತೆ, ಅಳತೆ ಇನ್ನೊಬ್ಬರದು. ಸೀಟು ಬೆರಳಗಲ ಹೆಚ್ಚುಕಡಿಮೆಯಾದರೆ ಹತ್ತು ಮೈಲಿಯಲ್ಲಿ ಗೊತ್ತಾಗುವುದಿಲ್ಲ, ಐವತ್ತರಲ್ಲಿ ಮೊಣಕಾಲು ಹೇಳುತ್ತದೆ. ತಿಳಿದವರು ಪಾನಾ ಹಚ್ಚುವ ಮುಂಚೆ ಸೀಟಿನ ಕೊಳವೆಗೆ ಒಂದು ಸುತ್ತು ಕರಿ ಟೇಪು ಸುತ್ತುತ್ತಾರೆ. ಮಾಲೀಕನ ಎತ್ತರದ ಗುರುತು ಅದು.

ಆಮೇಲೆ ತನ್ನ ಅಳತೆ. ಬರಿಗಾಲಲ್ಲಿ ನಿಂತು ತೊಡೆಸಂದಿನಿಂದ ನೆಲದವರೆಗೆ ಅಳೆದು 0.883ರಿಂದ ಗುಣಿಸಬೇಕು. 80 ಸೆಂಟಿಮೀಟರ್ ಇದ್ದರೆ ಕ್ರ್ಯಾಂಕಿನ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು 70.6. ಲೆಕ್ಕ ಬೇಡವೆಂದರೆ ಹಳೇ ಉಪಾಯ ಇದ್ದೇ ಇದೆ: ಪೆಡಲು ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು.

ಪೆಡಲು ಬೂಟಿಗೆ ಕಚ್ಚುವ ಜಾತಿಯದಾದರೆ ಮಾಲೀಕನ ಬೂಟು ಹುಡುಗನ ಕಾಲಿಗೆ ಆಗಲಿಕ್ಕಿಲ್ಲ. ಆಗ ಸಾದಾ ಪೆಡಲು ಹಾಕಿಸುವುದೇ ಸರಿ. ಎಡಗಡೆ ಪೆಡಲಿನ ಮರೆ ಉಲ್ಟಾ ಎಂಬುದು ನೆನಪಿರಲಿ. ಬಲ ಹಾಕಿ ತಿರುಗಿಸಿದರೆ ಬೇರೆಯವರ ಕ್ರ್ಯಾಂಕು ಹಾಳು! ಸೈಕಲ್ಲು ಎರವಲು ತಂದರೂ ಹೆಲ್ಮೆಟ್ಟು ಮಾತ್ರ ತನ್ನ ತಲೆಯ ಅಳತೆಯದೇ ಆಗಬೇಕು. 2003ರಲ್ಲಿ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಬಿದ್ದ ಕಜಕಸ್ತಾನದ ಆಂದ್ರೇ ಕಿವಿಲೇವ್ ತಲೆಗೆ ಪೆಟ್ಟಾಗಿ ತೀರಿಕೊಂಡ. ಅವನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಆ ವರ್ಷವೇ ದೊಡ್ಡ ರೇಸುಗಳಲ್ಲಿ ಅದು ಕಡ್ಡಾಯವಾಯಿತು.

ಗಾಳಿಯ ಜೊತೆ ಕುಸ್ತಿ

ನಮ್ಮ ಎರೆ ಭೂಮಿಯಲ್ಲಿ ಘಟ್ಟ ಇಲ್ಲ, ಆದರೆ ಗಾಳಿ ಇದೆ. ಮುಂಗಾರಿನ ಪಡುವಣ ಗಾಳಿ ಎದುರಾದರೆ ಸಪಾಟು ರಸ್ತೆಯೇ ಗುಡ್ಡವಾಗುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ ಸಿಗುವಂತೆ ದಾರಿ ಹಿಡಿಯುವವನು ಜಾಣ. ದಣಿದ ಮೇಲೆ ಗಾಳಿ ಮನೆಗೆ ತಳ್ಳುತ್ತದೆ. ಇನ್ನೊಬ್ಬನ ಹಿಂಚಕ್ರಕ್ಕೆ ಅಂಟಿಕೊಂಡು ಹೋದರೆ ಶ್ರಮದಲ್ಲಿ ಕಾಲು ಭಾಗಕ್ಕೂ ಮೇಲೆ ಉಳಿತಾಯ. ಅದಕ್ಕೆ ನಂಬಿಕೆ ಬೇಕು, ಬ್ರೇಕಿನ ಕೈಯಳತೆ ಬೇಕು. ಗುರುತಿಲ್ಲದ ಬ್ರೇಕು ಹಿಡಿದು ಗುಂಪಿಗೆ ನುಗ್ಗಿದರೆ ತಾನೂ ಬಿದ್ದ, ಹತ್ತು ಜನರನ್ನೂ ಕೆಡವಿದ. ಶರ್ಯತ್ತಿನ ಹಿಂದಿನ ಸಂಜೆ ಸಿಕ್ಕ ಸೈಕಲ್ಲಿಗಿಂತ ಹದಿನೈದು ದಿನ ಮೊದಲೇ ಸಿಕ್ಕ ಸಾಧಾರಣ ಸೈಕಲ್ಲು ವಾಸಿ ಎನ್ನುವುದು ಇದಕ್ಕೇ.

ಅಥೆನ್ಸಿನಲ್ಲೂ ಎರವಲೇ!

ಎರವಲಿನಲ್ಲಿ ಗೆದ್ದವರುಂಟೇ ಎಂದು ಕೇಳುವವರಿಗೆ ಉತ್ತರ ಮೊದಲ ಒಲಿಂಪಿಕ್ಸಿನಲ್ಲೇ ಇದೆ. 1896ರ ಏಪ್ರಿಲಿನಲ್ಲಿ ಅಥೆನ್ಸಿನಿಂದ ಮ್ಯಾರಥಾನಿಗೆ ಹೋಗಿ ಬರುವ 87 ಕಿಲೋಮೀಟರ್ ರಸ್ತೆ ರೇಸು. ಗ್ರೀಸಿನ ಅರಿಸ್ಟಿಡಿಸ್ ಕಾನ್‌ಸ್ಟಾಂಟಿನಿಡಿಸ್ ಮ್ಯಾರಥಾನಿಗೆ ಮೊದಲು ಮುಟ್ಟಿದ. ವಾಪಸು ಬರುವಾಗ ಸೈಕಲ್ಲು ಕೈಕೊಟ್ಟಿತು. ಬೇರೊಬ್ಬರ ಸೈಕಲ್ಲು ಹತ್ತಿದ, ಅಷ್ಟರಲ್ಲಿ ಮುಂದೆ ಹೋಗಿದ್ದ ಇಂಗ್ಲೆಂಡಿನ ಎಡ್ವರ್ಡ್ ಬ್ಯಾಟೆಲ್‌ನನ್ನು ಹಿಂದೆ ಹಾಕಿ ಗೆದ್ದ. ಹಿಡಿದ ಹೊತ್ತು 3 ತಾಸು 22 ನಿಮಿಷ. ಮೂರನೆಯವನಾದ ಬ್ಯಾಟೆಲ್‌ನದೂ ಒಂದು ಕತೆ. ಅವನು ಅಲ್ಲಿನ ಬ್ರಿಟಿಷ್ ರಾಯಭಾರಿ ಕಚೇರಿಯ ಸೇವಕ. ದುಡಿದು ತಿನ್ನುವವನು ಹವ್ಯಾಸಿ ಹೇಗಾದಾನು ಎಂದು ಅವನ ದೇಶದವರೇ ತಕರಾರು ತೆಗೆದಿದ್ದರು! ತಕರಾರು ನಡೆಯಲಿಲ್ಲ, ಅವನು ಓಡಿಸಿದ.

ಹಾಗಂತ ಎಲ್ಲ ಕಾಲಕ್ಕೂ ಎರವಲು ನಡೆದಿಲ್ಲ. 1913ರ ಟೂರ್ ಡಿ ಫ್ರಾನ್ಸಿನಲ್ಲಿ ಮುಂಚಿಮುಟ ಮುರಿದ ಯೂಜೀನ್ ಕ್ರಿಸ್ಟೋಫ್ ಸೈಕಲ್ಲು ಹೊತ್ತು ಮೈಲುಗಟ್ಟಲೆ ನಡೆದು, ಕಮ್ಮಾರನ ಕುಲುಮೆಯಲ್ಲಿ ತಾನೇ ಬೆಸೆದುಕೊಂಡ. ತಿದಿ ಊದಲು ಹುಡುಗನ ಸಹಾಯ ಪಡೆದದ್ದಕ್ಕೂ ದಂಡ ಬಿತ್ತು. ಆದ್ದರಿಂದ ಹೆಸರು ಕೊಡುವ ಮುಂಚೆ ನಿಯಮ ಕೇಳಿಕೊಳ್ಳಬೇಕು: ಸಾದಾ ಸೈಕಲ್ಲಿನ ಶರ್ಯತ್ತೋ, ಗೇರಿನದ್ದೋ, ನಡುವೆ ಸೈಕಲ್ಲು ಬದಲಿಸಬಹುದೋ?

ಗೆಲ್ಲಲಿ, ಸೋಲಲಿ, ಮರುದಿನದ ಕೆಲಸ ಒಂದೇ. ಮಣ್ಣು ತೊಳೆದು, ಸರಪಳಿಗೆ ಎಣ್ಣೆ ಬಿಟ್ಟು, ಸೀಟನ್ನು ಟೇಪಿನ ಗುರುತಿಗೆ ಇಳಿಸಿ ಮಾಲೀಕನ ಮನೆಗೆ ಮುಟ್ಟಿಸುವುದು. ಹಾಗೆ ಮುಟ್ಟಿಸಿದವನಿಗೆ ಮುಂದಿನ ಜಾತ್ರೆಗೂ ಸೈಕಲ್ಲು ಸಿಗುತ್ತದೆ.