ಎದೆಬಡಿತದ ಮೂಲ ಕುತ್ತಿಗೆಯಲ್ಲಿರಬಹುದು

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಅದೇ ರೈತನ ಮನೆಯಲ್ಲಿ ಎಪ್ಪತ್ತರ ತಾಯಿ ಚೆನ್ನಾಗಿ ಉಣ್ಣುತ್ತಿದ್ದರೂ ಸೊರಗುತ್ತಿದ್ದರೆ, ಎದೆ ಡವಗುಟ್ಟುತ್ತದೆ ಎಂದರೆ, ‘ವಯಸ್ಸಾಯಿತಲ್ಲ’ ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ. ನಗರದ ಸುಶಿಕ್ಷಿತ ಮನೆಗಳ ಸ್ಥಿತಿಯೂ ಬಹಳ ಭಿನ್ನವೇನಲ್ಲ.

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ಅಗತ್ಯಕ್ಕಿಂತ ಹೆಚ್ಚು ಹಾರ್ಮೋನು ಸ್ರವಿಸಿದಾಗ ದೇಹದ ಆಮ್ಲಜನಕದ ಬೇಡಿಕೆ ಏರುತ್ತದೆ. ಪೂರೈಕೆಯ ಹೊಣೆ ಹೃದಯದ ಮೇಲೆ ಬೀಳುತ್ತದೆ. ವಿಶ್ರಾಂತಿಯಲ್ಲೂ ನಾಡಿ ಓಡುತ್ತದೆ. ಮುಂದೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರತೊಡಗಬಹುದು. ಏಟ್ರಿಯಲ್ ಫಿಬ್ರಿಲೇಷನ್ ಎಂದು ವೈದ್ಯರು ಕರೆಯುವುದು ಇದನ್ನೇ. ಅಲ್ಲಿ ಹರಿವು ಮಂದವಾಗಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳನ್ನು ತಲುಪಿದರೆ ಪಾರ್ಶ್ವವಾಯು. ದುಡಿದು ದುಡಿದು ಹೃದಯವೇ ಸೋಲುವುದೂ ಉಂಟು.

ಕುತ್ತಿಗೆಯ ಊತ ಹಾಗೂ ತೀವ್ರ ಎದೆಬಡಿತಗಳ ನಂಟನ್ನು ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿಯೇ ವರ್ಣಿಸಿದ್ದರು. ಥೈರಾಯ್ಡ್ ಹಾರ್ಮೋನು ಹೆಚ್ಚಿದಂತೆ ರಕ್ತದಲ್ಲಿ ಟಿಎಸ್‌ಎಚ್ ಕುಸಿಯುತ್ತದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದ 1994ರ ವರದಿಯಂತೆ, 60 ವರ್ಷ ಮೀರಿದವರಲ್ಲಿ ಟಿಎಸ್‌ಎಚ್ ತೀರಾ ಕಡಿಮೆಯಿದ್ದವರ ಪೈಕಿ ಹತ್ತು ವರ್ಷಗಳಲ್ಲಿ ಶೇ 28 ಮಂದಿಗೆ ಈ ಲಯಭಂಗ ಕಾಣಿಸಿಕೊಂಡಿತು. ಸಹಜ ಮಟ್ಟವಿದ್ದವರಲ್ಲಿ ಶೇ 11 ಮಂದಿಗೆ ಮಾತ್ರ.

ವೃದ್ಧರಲ್ಲಿ ಈ ರೋಗ ವೇಷ ಮರೆಸಿಕೊಂಡು ಬರುತ್ತದೆ. ಕಣ್ಣು ಉಬ್ಬುವುದು, ಚಡಪಡಿಕೆ ಯಾವುದೂ ಇಲ್ಲದೆ ಬರಿಯ ನಿಶ್ಶಕ್ತಿ, ತೂಕನಷ್ಟ ಕಾಣಬಹುದು. ಥೈರಾಯ್ಡ್ ಮಂದವಾದವರು ನುಂಗುವ ಥೈರಾಕ್ಸಿನ್ ಮಾತ್ರೆಯ ಪ್ರಮಾಣ ಹೆಚ್ಚಾದರೂ ಪರಿಣಾಮ ಇದೇ. ತೆಳ್ಳಗಾಗುವ ಆಸೆಗೆ ತಾವೇ ಪ್ರಮಾಣ ಏರಿಸಿಕೊಳ್ಳುವವರನ್ನು ಏನೆನ್ನಬೇಕೋ! ಇನ್ನೊಂದು ವಿಪರ್ಯಾಸ: ಹೃದಯದ ಲಯ ಸರಿಪಡಿಸಲು ಕೊಡುವ ಅಮಿಯೊಡಾರೋನ್ ಔಷಧದ ತೂಕದಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಗಿಲಾದುದು ಅಯೋಡಿನ್. ಅದರಿಂದಲೂ ಥೈರಾಯ್ಡ್ ಕೆರಳಬಹುದು.

ಹೇಮಗಿರಿಯವರಿಗೆ ಮಂಡ್ಯ ಹಾಗೂ ಬೆಳ್ಳೂರಿನಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಮೈಸೂರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯಿದೆ. ಆದರೆ ಪ್ರಶ್ನೆ ಹುಟ್ಟಬೇಕಾದುದು ತಾಲ್ಲೂಕು ಆಸ್ಪತ್ರೆಯಲ್ಲಿ. ಇಸಿಜಿಯಲ್ಲಿ ಈ ಲಯಭಂಗ ಹೊಸದಾಗಿ ಕಂಡ ಪ್ರತಿಯೊಬ್ಬರಿಗೂ ಟಿಎಸ್‌ಎಚ್ ಪರೀಕ್ಷೆ ಅಲ್ಲಿಯೇ, ಉಚಿತವಾಗಿ ನಡೆಯಬೇಕು. ಪಾರ್ಶ್ವವಾಯು ಪೀಡಿತರೊಬ್ಬರ ಆರೈಕೆಗೆ ಕುಟುಂಬವೊಂದು ತೆರುವ ಬೆಲೆಯ ಮುಂದೆ ಈ ವೆಚ್ಚ ಲೆಕ್ಕಕ್ಕೇ ಬಾರದು.

ಚಿಕಿತ್ಸೆ ಕೈಗೆಟುಕದ್ದಲ್ಲ. ಕಾರ್ಬಿಮಜೋಲ್ ಮಾತ್ರೆ, ವಿಕಿರಣಶೀಲ ಅಯೋಡಿನ್, ಇಲ್ಲವೇ ಶಸ್ತ್ರಚಿಕಿತ್ಸೆ. ನಾಡಿ ತಗ್ಗಿಸಲು ಪ್ರೊಪ್ರನೊಲಾಲ್‌ನಂಥ ಔಷಧ. ಥೈರಾಯ್ಡ್ ಹತೋಟಿಗೆ ಬಂದ ಮೇಲೆ ಅನೇಕರ ಹೃದಯ ತಾನಾಗಿಯೇ ಲಯಕ್ಕೆ ಮರಳುತ್ತದೆ. ಕಾರ್ಬಿಮಜೋಲ್ ಸೇವಿಸುವವರಿಗೆ ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಂಡು ಬಿಳಿ ರಕ್ತಕಣಗಳನ್ನು ಎಣಿಸಿಸಬೇಕು.