ಅರಣ್ಯ: ತಳಪಾಯದಿಂದ ಬೆಳೆದ ಬಡಾವಣೆ

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣ ಕಂಡವರಿಗೆ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ಕೆಲಸ ಪರಿಚಿತ. ಒರಟು ಕಲ್ಲಿನ ಗೋಡೆ, ಉದ್ದುದ್ದ ಮೊಗಸಾಲೆ, ನೆರಳು ಬೆಳಕಿನ ಓಡಾಟ. 2018ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಅವರು ಆ ಗೌರವಕ್ಕೆ ಪಾತ್ರರಾದ ಮೊದಲ ಭಾರತೀಯ. ಆದರೂ ಅವರ ಕೃತಿಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇಂದೋರಿನ ಹೊರವಲಯದ ‘ಅರಣ್ಯ’ ಬಡಾವಣೆ. ಅಲ್ಲಿನ ಬಹುಪಾಲು ಮನೆಗಳನ್ನು ಕಟ್ಟಿದ್ದು ದೋಶಿಯವರಲ್ಲ, ಅಲ್ಲಿ ವಾಸಿಸುವವರೇ.

1980ರ ದಶಕದಲ್ಲಿ ಕೆಲಸ ಹುಡುಕಿ ಬಂದವರ ಗುಡಿಸಲುಗಳು ಇಂದೋರಿನಲ್ಲಿ ಹೆಚ್ಚುತ್ತಲೇ ಇದ್ದವು. ನಗರಾಭಿವೃದ್ಧಿ ಪ್ರಾಧಿಕಾರ ಊರ ನಡುವಿನಿಂದ ಸುಮಾರು 6 ಕಿ.ಮೀ. ದೂರದಲ್ಲಿ 85 ಹೆಕ್ಟೇರ್ ಜಾಗ ಗೊತ್ತುಮಾಡಿ, ದೋಶಿಯವರ ವಾಸ್ತು-ಶಿಲ್ಪ ಪ್ರತಿಷ್ಠಾನಕ್ಕೆ ಯೋಜನೆ ಒಪ್ಪಿಸಿತು. ಪ್ರತಿಷ್ಠಾನದವರು ನಕ್ಷೆ ಬರೆಯುವ ಮೊದಲು ಕೊಳೆಗೇರಿಗಳಿಗೆ ಹೋಗಿ ಅಲ್ಲಿನ ಬದುಕನ್ನು ಅಳೆದು ನೋಡಿದರು. ಬಡವರು ಮನೆಯನ್ನು ಒಮ್ಮೆಗೇ ಕಟ್ಟುವುದಿಲ್ಲ. ಕೈಯಲ್ಲಿ ನಾಲ್ಕು ಕಾಸು ಬಂದಾಗ ಗೋಡೆ, ಮಗನಿಗೆ ಮದುವೆಯಾದಾಗ ಮೇಲೊಂದು ಕೋಣೆ. ಪಾತ್ರೆ ತೊಳೆಯುವುದು, ಬಟ್ಟೆ ಹೊಲಿಯುವುದು, ಸಣ್ಣ ವ್ಯಾಪಾರ ಎಲ್ಲವೂ ಬಾಗಿಲ ಮುಂದೆ.

ಹಾಗಾದರೆ ಸರ್ಕಾರದ ಹಣ ಎಲ್ಲಿಗೆ ಹೋಗಬೇಕು? ಒಂದು ಕುಟುಂಬ ತಾನಾಗಿ ಮಾಡಿಕೊಳ್ಳಲಾಗದ ಕೆಲಸಕ್ಕೆ. ಗೋಡೆಯನ್ನು ಯಾರಾದರೂ ಎಬ್ಬಿಸಿಕೊಂಡಾರು, ಒಳಚರಂಡಿ ತರಲಾರರು. ಕಡುಬಡವರ ಸೈಟು ಸುಮಾರು 35 ಚದರ ಮೀಟರ್. ಅದರಲ್ಲಿ ತಳಪಾಯ, ಶೌಚಾಲಯ, ಬಚ್ಚಲು, ನೀರಿನ ನಲ್ಲಿ ಸಿದ್ಧ. ಸ್ವಲ್ಪ ಹೆಚ್ಚು ಕೊಡಬಲ್ಲವರಿಗೆ ಒಂದು ಕೋಣೆಯೂ ಸೇರುತ್ತಿತ್ತು. ಇಪ್ಪತ್ತು ಮನೆಗಳ ಗುಂಪಿಗೆ ಒಂದು ಸೆಪ್ಟಿಕ್ ಟ್ಯಾಂಕ್. ಮುಂದೆ ಹೇಗೆಲ್ಲ ಬೆಳೆಸಬಹುದೆಂದು ತೋರಿಸಲು ದೋಶಿ 80 ಮಾದರಿ ಮನೆಗಳನ್ನು ಕಟ್ಟಿದರು: ಜಗಲಿ, ಪುಟ್ಟ ಬಾಲ್ಕನಿ, ಹೊರಗಿನಿಂದಲೇ ಮಹಡಿಗೆ ಏರುವ ಮೆಟ್ಟಿಲು. ಮೆಟ್ಟಿಲು ಹೊರಗಿದ್ದರೆ ಮೇಲಿನ ಕೋಣೆಯನ್ನು ಬಾಡಿಗೆಗೆ ಬಿಡಬಹುದು, ಸೈಟಿನ ಕಂತಿನ ಹಣ ಅದರಿಂದಲೇ ಹುಟ್ಟೀತು. ಇಟ್ಟಿಗೆ, ಕಲ್ಲು, ಬಣ್ಣದ ಆಯ್ಕೆ ಮನೆಯವರದು.

ಒಟ್ಟು ಸುಮಾರು 6,500 ಸೈಟುಗಳಲ್ಲಿ ಮೂರನೇ ಎರಡರಷ್ಟು ಆರ್ಥಿಕವಾಗಿ ಹಿಂದುಳಿದವರಿಗೆ ಮೀಸಲಾದವು. ಮುಖ್ಯರಸ್ತೆಗಳ ಕಡೆಯ ದೊಡ್ಡ ಸೈಟುಗಳನ್ನು ಉಳ್ಳವರಿಗೆ ಹೆಚ್ಚಿನ ಬೆಲೆಗೆ ಮಾರಿ, ಬಂದ ಲಾಭವನ್ನು ಬಡವರ ಸೈಟುಗಳ ಬೆಲೆ ಇಳಿಸಲು ಬಳಸಿದರು. ಬೇರೆ ಬೇರೆ ವರಮಾನದವರು ಒಂದೇ ಬಡಾವಣೆಯಲ್ಲಿ, ಒಂದೇ ಬಜಾರಿನಲ್ಲಿ ಎದುರಾಗುವಂತೆ ಮಾಡಿದ ಈ ಲೆಕ್ಕಾಚಾರಕ್ಕೆ ನಾನು ಮನಸೋತಿದ್ದೇನೆ.

ಇಂದೋರ್ ಇರುವ ಮಾಳವ ಪ್ರದೇಶದ ಬೇಸಗೆಗೂ ಉತ್ತರ ನಕ್ಷೆಯಲ್ಲೇ ಇದೆ. ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬಿಸಿಲಿಗೆ ಒಡ್ಡಿಕೊಳ್ಳುವ ಗೋಡೆ ಕಡಿಮೆ, ಗೋಡೆಯ ಖರ್ಚೂ ಕಡಿಮೆ. ಸಾಲುಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಿವೆ. ಕಿರಿದಾದ ಓಣಿಗಳಲ್ಲಿ ಮನೆಗಳ ನೆರಳೇ ಚಪ್ಪರ. ವಾಹನಗಳ ದಾರಿ ಬೇರೆಯಾದ್ದರಿಂದ ಮಕ್ಕಳು, ಮುದುಕರು ಮನೆಮುಂದೆ ನಿರಾತಂಕವಾಗಿ ಕೂರಬಹುದು. 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಈ ಬಡಾವಣೆಗೆ ಸಂದಿತು.

ಕೊರತೆಗಳನ್ನೂ ಹೇಳಬೇಕು. ಕಡಿದಾದ ಹೊರಮೆಟ್ಟಿಲು ಮಂಡಿನೋವಿನವರಿಗೆ, ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ದಕ್ಕುವಂಥದ್ದಲ್ಲ. ಮಾದರಿ ಮನೆಗಳೇ ಗುರುತು ಸಿಗದಷ್ಟು ಬದಲಾಗಿವೆ. ಅದನ್ನು ನಾನು ದೋಷವೆನ್ನಲಾರೆ. ಬದಲಾಗಲೆಂದೇ ಅವನ್ನು ಕಟ್ಟಿದ್ದು. ಜಾಗದ ಬೆಲೆ ಏರಿದಾಗ ಮೊದಲು ಸೈಟು ಪಡೆದ ಬಡವರಲ್ಲಿ ಕೆಲವರು ಮಾರಿ ಹೊರಟುಹೋದದ್ದು ಮಾತ್ರ ನಿಜವಾದ ನಷ್ಟ. ಕೈಗೆಟಕುವ ಬೆಲೆಗೆ ಸೈಟು ಹಂಚುವ ಪ್ರಾಧಿಕಾರಗಳು ಹಕ್ಕುಪತ್ರ ಕೊಟ್ಟ ದಿನವೇ ಕೈತೊಳೆದುಕೊಳ್ಳಬಾರದು. ಮಾರಲೇಬೇಕಾದ ಕಷ್ಟ ಬಂದವರಿಂದ ಮನೆಯನ್ನು ನ್ಯಾಯವಾದ ಬೆಲೆಗೆ ತಾವೇ ಕೊಂಡು, ಸರದಿಯಲ್ಲಿ ಕಾಯುತ್ತಿರುವ ಇನ್ನೊಂದು ಬಡ ಕುಟುಂಬಕ್ಕೆ ಕೊಡುವ ವ್ಯವಸ್ಥೆ ಬೇಕು.